ಪರಂಗೆವ್ವನ ಮುಂದೆ ಗೌಡ

ಮೊನ್ನೆ ಮಳೆಯಲ್ಲಿ ನೆನೆದ ಚಪ್ಪಲಿಗಳನ್ನು ಸೊಸೆ ಒಲೆಯ ಪಕ್ಕ ಒಣಗಲು ಇಟ್ಟಿದ್ದಳು. ಹಸಿ ತೊಗಲಿನ ವಾಸನೆ ಎದ್ದಿತು. ಅವಳು ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ನಾನು ಅಲ್ಲೇ ಕುಳಿತೆ. ತೊಗಲು ಹೊದಿಸಿದ ಹರಿಗೋಲಿನ ವಾಸನೆಯದು... ನಮ್ಮ ಹರಿಗೋಲಿನ ಅತ್ತಿಯ ಸೀರೆಯಲ್ಲೂ ಅದೇ ಇರುತ್ತಿತ್ತು.

ನಾನು ಮದುವೆಯಾಗಿ ಆ ಊರಿಗೆ ಹೋದದ್ದು ನಿಜಾಮನ ಕಾಲದಲ್ಲಿ. ಕೊಪ್ಪಳದ ಕಡೆಯ ಊರು, ತುಂಗಭದ್ರೆಯ ದಂಡೆಗೇ. ಅತ್ತಿ ಎಂದು ಕರೆಯುತ್ತಿದ್ದೆನಷ್ಟೇ; ಪಕ್ಕದ ಮನೆಯಾಕೆ, ರಕ್ತಸಂಬಂಧವೇನೂ ಇಲ್ಲ. ಗಂಡ ಹೋದ ಮೇಲೆ ಹರಿಗೋಲನ್ನು ತಾನೇ ನಡೆಸುತ್ತಿದ್ದಳು.

ಹೊಳೆಯ ನಡುಗಡ್ಡೆಯಲ್ಲಿ ಸೊಂಟದೆತ್ತರದ ಕಲ್ಲೊಂದಿತ್ತು. ಮೇಲೆ ಶಿಲುಬೆ, ಕೆಳಗೆ ಹಾಯಿ ಕಟ್ಟಿದ ಹಡಗು. ಆನೆಗುಂದಿಯ ಅರಸರಿಗೆ ಕುದುರೆ ಮಾರಲು ಕಡಲಾಚೆಯಿಂದ ಬಂದ ಪರಂಗಿಗಳು ಮೊದಲ ಸಲ ಹೊಳೆ ದಾಟಿದ ನೆನಪಿಗೆ ನೆಟ್ಟದ್ದಂತೆ. ನಮ್ಮವರಿಗೆ ಅದೆಲ್ಲ ಯಾಕೆ? ಅರಿಶಿನ ಬಳಿದು, ಕುಂಕುಮ ಇಟ್ಟು, ಪರಂಗೆವ್ವ ಎಂದು ಹೆಸರಿಟ್ಟಿದ್ದರು. ಹೊಸ ಬೀಗರು ಬಂದರೆ ಅವ್ವನಿಗೆ ಕಾಯಿ ಒಡೆಸಿ, ಅಲ್ಲೇ ಬುತ್ತಿ ಉಣ್ಣಿಸಿ ಕಳಿಸುವುದು ಊರ ರೂಢಿ.

ನಾನು ಬರುವ ಹಿಂದಿನ ಮಳೆಗಾಲದಲ್ಲಿ ಬಿಳಿ ದೊರೆಯೊಬ್ಬ ಆ ಕಲ್ಲು ನೋಡಲು ಬಂದಿದ್ದನಂತೆ. ಅತ್ತಿಯ ಗಂಡನೇ ಕರೆದೊಯ್ದು ತಂದ. ದಂಡೆಗೆ ಬಂದ ಮೇಲೆ ದೊರೆಗೆ ತನ್ನ ಟೊಪಿಗೆ ಅಲ್ಲೇ ಉಳಿದದ್ದು ನೆನಪಾಯಿತು. ಹೊಳೆ ಏರುತ್ತಿತ್ತು. ದೊರೆಯೇ ಬೇಡವೆಂದರೂ ಊರ ಗೌಡ ಬಿಡಲಿಲ್ಲ, ತಂದುಕೊಡೆಂದು ಅತ್ತಿಯ ಗಂಡನನ್ನು ಅಟ್ಟಿದ. ಖಾಲಿ ಹರಿಗೋಲು ಕೆಳಗಿನ ಬಂಡೆಗೆ ಸಿಕ್ಕಿತು. ಹೆಣ ಮಾತ್ರ ಸಿಗಲಿಲ್ಲ. ಗೌಡ ತನ್ನ ತಲೆ ಮೇಲೆ ಬರದಿರಲೆಂದು, ಅವನು ಹೆಂಡತಿಯ ಕಾಟಕ್ಕೆ ಓಡಿಹೋದನೆಂದು ಕಟ್ಟೆಯ ಮೇಲೆ ಕುಳಿತು ಹಬ್ಬಿಸಿದ. ದಂಡೆಯಲ್ಲಿದ್ದು ಕಂಡವರೂ ಬಾಯಿ ಬಿಡಲಿಲ್ಲ.

ಅಂದಿನಿಂದ ಅತ್ತಿಗೆ 'ಗಂಡ ಬಿಟ್ಟಾಕಿ' ಎಂದೇ ಹೆಸರಾಯಿತು. ಆಕೆ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ. "ಅಂವ ಸತ್ತಾನಂತ ಗೌಡನ ಬಾಯಿಂದನ ಬರಬೇಕವ್ವ. ಅಲ್ಲೀತನಕ ಒಡಿಯಂಗಿಲ್ಲ" ಅಂದಿದ್ದಳು.

ಗೌಡನ ಮಗಳಿಗೆ ಗಂಗಾವತಿಯ ಕಡೆ ನಂಟಸ್ತನ ಕುದುರಿತು. ಬೀಗರನ್ನು ಅತ್ತಿಯ ಹರಿಗೋಲಿನಲ್ಲಿ ನಡುಗಡ್ಡೆಗೆ ಕರೆದೊಯ್ಯುವಾಗ ಅವರ ಹೆಣ್ಣುಮಕ್ಕಳ ಜೊತೆಗೆಂದು ನನ್ನನ್ನೂ ಕರೆದರು. ಕಾಯಿ ಒಡೆದದ್ದಾಯಿತು, ಬುತ್ತಿ ಉಂಡದ್ದಾಯಿತು. ಗೌಡ ಕಲ್ಲಿಗೆ ಆತು ನಿಂತು, ದೊರೆ ತನ್ನ ಭುಜ ತಟ್ಟಿದ್ದನ್ನು ಹೇಳಿದ್ದೇ ಹೇಳಿದ್ದು. ಮೇಲೆಲ್ಲೋ ಮಳೆಯಾಗಿ ಹೊಳೆಯ ನೀರು ಕೆಂಪಾಗುತ್ತಿತ್ತು. ಬೀಗರೆಲ್ಲ ಹತ್ತಿದರು. ಗೌಡ ಧೋತರ ಎತ್ತಿಕೊಂಡು ಕೊನೆಯಲ್ಲಿ ಬರುವಷ್ಟರಲ್ಲಿ ಅತ್ತಿ ಹುಟ್ಟು ಒತ್ತಿದಳು. ಹರಿಗೋಲು ಹತ್ತು ಮಾರು ಸರಿದು ಅಲ್ಲೇ ಗಿರಗಿರನೆ ತಿರುಗತೊಡಗಿತು.

"ಏ, ಎಲ್ಲಿ ಹೊಂಟಿ?" ಎಂದು ಗೌಡ ನಕ್ಕ.

"ನನ್ನ ಗಂಡ ಎಲ್ಲಿ ಹೋದ, ಬೀಗರ ಮುಂದ ಹೇಳ್ರಿ ಗೌಡ್ರ."

ಅವನು ಬೈದ. ಊರು ಬಿಡಿಸುವೆನೆಂದ. ಅತ್ತಿ ಕೇಳಿಸದವಳಂತೆ ನಮಗೆಲ್ಲ ಎಲೆ-ಅಡಿಕೆ ಕೊಟ್ಟಳು. ನೀರು ಗೌಡನ ಮೊಳಕಾಲಿಗೆ ಬಂತು. ಕಲ್ಲನ್ನು ತಬ್ಬಿಕೊಂಡ. ಹಿರಿಯ ಬೀಗರಿಗೆ ತಡೆಯಲಾಗಲಿಲ್ಲ: "ಏನೈತಿ ಹೇಳಿಬಿಡ್ರಿ, ನೀರು ಏರಾಕಹತ್ತೈತಿ."

"ನಾನ ಕಳಿಸಿದ್ದೆ... ಟೊಪಿಗಿ ಸಲುವಾಗಿ. ನಿನ್ನ ಗಂಡ ಒಲ್ಲೆ ಅಂದಿದ್ದ."

"ಓಡಿ ಹೋಗ್ಯಾನೋ, ಸತ್ತಾನೋ?"

"ಸತ್ತಾನ."

ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದವರ ಸಪ್ಪಳ ನಿಂತಿತ್ತು. ಅತ್ತಿ ಎರಡೂ ಕೈ ಹುಟ್ಟಿಗೆ ಬಡಿದು ಬಳೆ ಒಡೆದುಕೊಂಡಳು. ರಕ್ತ ಬಂತು. ಅದೇ ಕೈಯಿಂದ ಕುಂಕುಮ ಒರೆಸಿದಳು. ಆಮೇಲೆ ಹರಿಗೋಲನ್ನು ನಡುಗಡ್ಡೆಗೆ ತಂದು, "ಕಾಲು ತೊಳಕೊಂಡು ಹತ್ರಿ. ಇದು ಅಂವನ ಹರಿಗೋಲು" ಅಂದಳು. ಗೌಡ ಕಾಲು ತೊಳೆದುಕೊಂಡ. ನನಗೆ ಅಯ್ಯೋ ಅನಿಸಲಿಲ್ಲ, ಇವತ್ತಿಗೂ ಅನಿಸಿಲ್ಲ.

ನಂಟಸ್ತನ ಮುರಿಯಿತು. ವಾರದೊಳಗೆ ಗೌಡನ ಆಳುಗಳು ಹರಿಗೋಲಿಗೆ ಬೆಂಕಿ ಇಟ್ಟರು. ಅಂದಿನಿಂದ ಅತ್ತಿ ಊರಲ್ಲಿ ಕಾಣಲಿಲ್ಲ. ತಾವರಗೇರಿಯ ಕಡೆ ನಡೆದುಹೋದಳೆಂದರು ಕೆಲವರು, ಹೊಳೆ ದಾಟಿದಳೆಂದರು ಇನ್ನು ಕೆಲವರು... ಮುಂದೆ ಮುನಿರಾಬಾದಿನ ಆಣೆಕಟ್ಟಿನ ನೀರು ಊರನ್ನೂ ಪರಂಗೆವ್ವನನ್ನೂ ನುಂಗಿತು. ಗೌಡನೂ ಹೋದ, ಆ ಆಳುಗಳೂ ಹೋದರು. ಅತ್ತಿಗೆ ನಿಲ್ಲಿಸಿ ಕೇಳಲು ಒಬ್ಬನಾದರೂ ಇದ್ದ. ಆಕೆ ಎಲ್ಲಿ ಹೋದಳೆಂದು ನಾನು ಯಾರನ್ನು ನಿಲ್ಲಿಸಿ ಕೇಳಲಿ?