ತಾಡಪಾಲು ಹೊದ್ದ ಸೋಲಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕುರುಗೋಡಿನ ನಮ್ಮಣ್ಣ ತನ್ನ ಮಾಳಿಗೆಯ ಸೋಲಾರ್ ಪ್ಯಾನೆಲ್ಲುಗಳಿಗೆ ತಾಡಪಾಲು ಹೊದಿಸಿದ್ದು ನನ್ನಿಂದಲೇ. ಮಳೆ ಬಂದರೆ ಮೆಣಸಿನಕಾಯಿಗೆ ಹೊದಿಸುತ್ತಾರಲ್ಲ, ಅದೇ ತಾಡಪಾಲು. ಅದೂ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ.

ಅಣ್ಣನೆಂದರೆ ದೊಡ್ಡಪ್ಪನ ಮಗ. ಪಂಕ್ಚರಾದ ಸ್ಕೂಟರ್ ತಳ್ಳಿಕೊಂಡು ಹೋಗುವಾಗಲೂ ಹೆಲ್ಮೆಟ್ ಹಾಕುವ ಆಸಾಮಿ. ನಾನು ಬಳ್ಳಾರಿಯ ಆಡಿಟರೊಬ್ಬರ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವವನು. ಸಂಬಳ ಅದರಿಂದ, ಹೆಸರು ಮಾತ್ರ ಮಿಮಿಕ್ರಿಯಿಂದ. ನಮ್ಮ ಬಳಗದಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಉಂಡ ಮೇಲೆ ಎಲ್ಲರೂ ನನ್ನ ಸುತ್ತ ಕೂರುತ್ತಿದ್ದರು. ಸಿರುಗುಪ್ಪದ ಸೋದರತ್ತೆಯಂತೂ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಲೇ, ನಿಮ್ಮ ಮಾವನ ಗೊರಕಿ ಹೊಡೀಲೇ” ಎಂದು ದುಂಬಾಲು ಬೀಳುತ್ತಿದ್ದಳು. ಮಾವ ಪಕ್ಕದಲ್ಲೇ ಕೂತಿರುತ್ತಿದ್ದರು, ಪಾಪ.

ಸೋಲಾರ್ ಬಂದು ನನ್ನ ಅಂಗಡಿ ಮುಚ್ಚಿಸಿತು. ಯುಗಾದಿಗೆ ಎಲ್ಲರೂ ಕುರುಗೋಡಿನಲ್ಲಿ ಸೇರಿದ್ದೆವು. ನಾನು ಗಂಟಲು ಸರಿಮಾಡಿಕೊಂಡು ಗೊರಕೆ ಶುರು ಮಾಡುವಷ್ಟರಲ್ಲಿ ಇಡೀ ಬಳಗ ಪ್ಯಾನೆಲ್ ನೋಡಲು ಏಣಿ ಹತ್ತಿತ್ತು. ಕೆಳಗೆ ಉಳಿದವರು ನಾನು, ಮತ್ತು ನಿಜವಾಗಿಯೇ ಗೊರಕೆ ಹೊಡೆಯುತ್ತಿದ್ದ ಮಾವ.

ಮೇಲಿನಿಂದ ಅತ್ತೆಯ ದನಿ ಕೇಳಿತು: “ಅಯ್ಯ, ಬಿಸಿಲ ಬಂದು ಕರೆಂಟ್ ಬಿಲ್ ಕಟ್ತೈತೇನಪಾ! ನಮ್ಮನಿಗೂ ಹಾಕಿಸಿಬಿಡ್ತೀನಿ. ಬಿಲ್ ನೆನಸಿ ಕೂಲರ್ ಹಚ್ಚೂದ ಬಿಟ್ಟೀನಿ.”

ಸುಳ್ಳಲ್ಲ. ಬಿಲ್ಲಿಗೆ ಹೆದರಿ, ಸುಡುವ ಮಧ್ಯಾಹ್ನ ಕೂಲರಿನ ಎದುರಿಗೇ ಕೂತು ಬೀಸಣಿಗೆ ಬೀಸಿಕೊಳ್ಳುವವಳು ಆಕೆ. ಅಷ್ಟು ಗೊತ್ತಿದ್ದರೂ ನನ್ನ ಕಿವಿಗೆ ನಾಟಿದ್ದು ಮುಂದಿನ ಮಾತು: “ನಮ್ಮ ಮಂದ್ಯಾಗ ಬುದ್ಧಿ ಇರೋನು ಅಂದ್ರ ಇವನೊಬ್ಬನ ನೋಡು.”

ನನ್ನ ಬಾಡಿಗೆ ಕೋಣೆಯ ತಗಡಿನ ಮೇಲೂ ಅದೇ ಸೂರ್ಯ. ಅಣ್ಣನಿಗೆ ಬಿಲ್ ಇಳಿಸಿಕೊಡುತ್ತಾನೆ, ನನಗೆ ಬೆವರುಸಾಲೆ ಏಳಿಸುತ್ತಾನೆ. ಹೊಟ್ಟೆಗೆ ಕಿಚ್ಚು ಬೀಳದೆ ಇನ್ನೇನು?

ಕೆಲವು ದಿನ ಕಳೆದು ಅಣ್ಣ ನಮ್ಮ ಆಫೀಸಿಗೇ ಫೋನ್ ಮಾಡಿದ. ಆಡಿಟರ್ ಸಾಹೇಬರು ಊಟಕ್ಕೆ ಹೋಗಿದ್ದರು, ಫೋನ್ ಎತ್ತಿದವನು ನಾನು.

“ಸಾಹೇಬ್ರ, ಸೋಲಾರಿಗೆ ಟ್ಯಾಕ್ಸ್ ಬೀಳ್ತೈತೇನ್ರಿ?”

ನಾನು ಸಾಹೇಬರ ಕುರ್ಚಿಯಲ್ಲಿ ಕೂತು, ಅವರಂತೆಯೇ ಕೆಮ್ಮಿ, ಮೂಗಿನಲ್ಲಿ ಹೇಳಿದೆ: “ಬೀಳದ ಬಿಡ್ತೈತೇನಯ್ಯಾ? ಒಂದೊಂದು ಯೂನಿಟ್ಟಿಗೂ ಬೀಳ್ತೈತಿ. ಬಿಲ್ಲಿನಾಗ ಮುರಕೊಂಡಿದ್ದಕ್ಕೂ!”

ಮರುಪ್ರಶ್ನೆ ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅಣ್ಣ ಕೇಳಲಿಲ್ಲ. ಲೆಕ್ಕ ಇತ್ಯರ್ಥವಾಗುವವರೆಗೆ ಒಂದು ಯೂನಿಟ್ಟೂ ಹುಟ್ಟಬಾರದೆಂದು ಅವತ್ತೇ ಹೋಗಿ ತಾಡಪಾಲು ಹೊದಿಸಿದ. ಸುದ್ದಿ ತಿಳಿದ ಅತ್ತೆ ಸೋಲಾರಿನವನಿಗೆ ಬರಬೇಡವೆಂದಳು. “ಕೂಲರ್ ಮ್ಯಾಲೆ ಉಪ್ಪಿನಕಾಯಿ ಭರಣಿ ಇಟ್ಟೀನಿ ನೋಡಪಾ, ಇನ್ನ್ಯಾಕ ಬೇಕು ಅದು” ಎಂದು ನನಗೇ ಫೋನಿನಲ್ಲಿ ಹೇಳಿದಳು. ಬೀಸಣಿಗೆಯ ಸಪ್ಪಳ ಕೇಳುತ್ತಿತ್ತು. ಅಣ್ಣನ ಮೇಲೆ ಬಿಟ್ಟ ಬಾಣ ಹೋಗಿ ಅತ್ತೆಗೆ ನಾಟಿತ್ತು.

ಮೆಲ್ಲಗೆ ಸಾಹೇಬರನ್ನೇ ಕೇಳಿದೆ. ಅವರು ಕೆಮ್ಮಿ ಹೇಳಿದರು: “ಬಿಲ್ಲಿನಾಗ ಮುರಕೊಂಡಿದ್ದು ಉಳಿತಾಯ ಕಣಯ್ಯಾ, ಅದಕ್ಕೆಲ್ಲಿ ಟ್ಯಾಕ್ಸು? ಹೆಚ್ಚಿನ ಕರೆಂಟ್ ಮಾರಿ ರೊಕ್ಕ ಕೈಗೆ ಬಂದ್ರ, ಅದನ್ನ ಆದಾಯದಾಗ ತೋರಿಸ್ಬೇಕು. ತೋರಿಸಿದ ಕೂಡಲೇ ಟ್ಯಾಕ್ಸ್ ಅಂತಲ್ಲ, ಒಟ್ಟು ಆದಾಯ ಎಷ್ಟಾಯ್ತು ನೋಡ್ಬೇಕು.”

ನನ್ನ ದನಿಯಲ್ಲಿ ಇದನ್ನು ಹೇಳಿದರೆ ಕಳ್ಳತನ ಬಯಲಾಗುತ್ತದೆ. ಅವರು ಎದ್ದುಹೋಗುವುದನ್ನೇ ಕಾದು, ಮತ್ತೆ ಅವರ ಕುರ್ಚಿ, ಮತ್ತೆ ಅವರ ಕೆಮ್ಮು. ಅಣ್ಣನಿಗೆ ಫೋನ್ ಮಾಡಿ ಅವರ ಮಾತನ್ನೇ ಅಕ್ಷರ ಬಿಡದೆ ಒಪ್ಪಿಸಿದೆ. “ಹಿಂದ ಹೇಳಿದ್ದು ಬ್ಯಾರೆ ಫೈಲಿಂದು, ತಪ್ಪಾತು. ತಾಡಪಾಲ್ ತಗಿಯಯ್ಯಾ” ಎಂದೆ. ಅಣ್ಣ ದೊಡ್ಡ ಉಸಿರು ಬಿಟ್ಟ. ಅಷ್ಟರಲ್ಲಿ ಯಾರೋ ಅವನ ಕೈಯಿಂದ ಫೋನ್ ಕಸಿದುಕೊಂಡರು. ಅತ್ತೆ ಕುರುಗೋಡಿಗೆ ಬಂದಿದ್ದಾಳೆಂದು ನನಗೇನು ಗೊತ್ತು?

“ಹಂಗಾರ ನಾನೂ ಹಾಕಿಸ್ಲೇನ್ರಿ ಸಾಹೇಬ್ರ?”

ಅವಳ ದನಿಯಲ್ಲಿ ಅಷ್ಟು ಆಸೆ ಕೇಳಿ ನಾನು ಮೂಗನ್ನೂ ಮರೆತೆ, ಕೆಮ್ಮನ್ನೂ ಮರೆತೆ.

“ಧಾರಾಳ ಹಾಕಿಸಬೇ ಅತ್ತಿ!”

ಆಡಿಟರ್ ಸಾಹೇಬರಿಗೆ ಆಕೆ ಯಾವ ಸೀಮೆಯ ಅತ್ತೆ? ಮತ್ತೆ ಕೆಮ್ಮಿ ನೋಡಿದೆ. ಕೆಮ್ಮು ಅರ್ಧಕ್ಕೇ ಇರುವಾಗ ಅತ್ತೆ ನಿಧಾನವಾಗಿ ಕೇಳಿದಳು:

“ಅಲ್ಲಲೇ ಸಾಹೇಬಾ, ಮಾಳಿಗಿ ಅವಂದು, ಬಿಸಿಲು ದೇವರದು. ನಡುವ ನಿನಗ್ಯಾಕ ಕಾದೈತಿ?”