ವೆಬ್‌ಸೈಟಿನಲ್ಲಿ ಉಳಿದ ನಂಬರು

"ಅವರು ರಿಟೈರಾಗಿ ಭಾಳ ದಿನ ಆತವ್ವ. ವೆಬ್‌ಸೈಟ್‌ನೋರು ನಮ್ಮನೆ ನಂಬರ್ ಇನ್ನೂ ತೆಗ್ದಿಲ್ಲ" ಎಂದಿತು ಫೋನಿನಲ್ಲಿ ಹೆಂಗಸಿನ ದನಿ.

ಎಂಬಿಬಿಎಸ್ ಮುಗಿಸಿ ಪಿಜಿ ಸೀಟು ಹುಡುಕುತ್ತಿದ್ದ ನಾನು, ಚಳ್ಳಕೆರೆಯ ಸೈಬರ್ ಕೆಫೆಯಲ್ಲಿ ದೂರದ ಮೆಡಿಕಲ್ ಕಾಲೇಜೊಂದರ ವೆಬ್‌ಸೈಟ್ ನೋಡಿ, ಮಕ್ಕಳ ವಿಭಾಗದ ಮುಖ್ಯಸ್ಥರಿಗೆಂದು ಫೋನ್ ಮಾಡಿದ್ದೆ. ಸಿಕ್ಕಿದ್ದು ಅವರ ಹೆಂಡತಿ. ಕ್ಷಮೆ ಕೇಳಿ ಇಡಲು ಹೊರಟರೆ ಆಕೆ ಬಿಡಲಿಲ್ಲ. ನನ್ನೂರು ದೇವಸಮುದ್ರ ಎಂದದ್ದೇ ತಡ, ತಮ್ಮ ತವರು ಅದೇ ಸೀಮೆಯ ನಾಯಕನಹಟ್ಟಿ ಎಂದು ಮಾತಿಗೇ ಕೂತರು.

"ಲೇಡೀಸ್ ಹಾಸ್ಟೆಲ್ ರಿಪೇರಿಗೆ ಬಿದ್ದೈತೆ, ಹೊರಗೆ ರೂಮ್ ನೋಡ್ಕೋ. ಈಗಿನ ಹೆಡ್ಡು ಮೇಡಮ್ಮು, ಚೆನ್ನಾಗಿ ಕಲಿಸ್ತಾರಂತೆ."

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದೆ.

"ದಿನಾ ನಿನ್ನಂಥೋರು ಫೋನ್ ಮಾಡ್ತಾರೆ. ಗೊತ್ತಿಲ್ಲ ಅನ್ನಕ್ಕೆ ಮನಸು ಬರಲ್ಲ. ಅದ್ಕೆ ಸೀಟ್ ಸಿಕ್ಕೋರ್ನೇ ಕೇಳಿ ತಿಳ್ಕೊಂಡಿರ್ತೀನಿ."

ನನಗೂ ಅಲ್ಲೇ ಸೀಟು ಸಿಕ್ಕಿತು. ವಿಭಾಗದ ಪುಟ ಸರಿಪಡಿಸುವ ಕೆಲಸ ನನ್ನ ತಲೆಗೇ ಬಂತು. ನಂಬರು ಅಳಿಸುವ ಮುನ್ನ ಆಕೆಗೊಂದು ಮಾತು ತಿಳಿಸಿದೆ. "ತೆಗಿಯವ್ವ, ನಂಗೂ ಸಾಕಾಗೈತೆ" ಎಂದವರು ಫೋನ್ ಇಡುವ ಮುನ್ನ, "ಹಾಸ್ಟೆಲ್ ರಿಪೇರಿ ಮುಗೀತಾ? ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ" ಎಂದರು. ಪುಟದಲ್ಲಿ ಎಲ್ಲವೂ ಹೊಸದಾಯಿತು, ಆ ನಂಬರೊಂದನ್ನು ಬಿಟ್ಟು.