ಹೊಸ ಕನ್ನಡಕ, ಅರ್ಧ ಕೌದಿ

ವಿಕ್ರೋಳಿ ಸ್ಟೇಷನ್ ಎದುರಿನ ಅಂಗಡಿಯಿಂದ ಹೊಸ ಕನ್ನಡಕ ಹಾಕಿಕೊಂಡು ಬಂದ ರಾಚವ್ವ ತಮ್ಮ ಬಿಲ್ಡಿಂಗಿನ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು. ಮೆಟ್ಟಿಲು ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಸರಿಯುತ್ತಿತ್ತು. ಕಾಲೆತ್ತಿ, ಗಾಳಿಯಲ್ಲೇ ತಡೆದು, ಮೆಲ್ಲಗೆ ಊರಿದಳು.

“ಏನದು, ಕೆಸರಾಗ ನಡದಂಗ?” ಎಂದ ಹಿಂದಿನಿಂದ ಗಂಡ ಸಂಗಪ್ಪ.

“ನೀವ ಸುಮ್ನ ಬರ್ರಿ. ಮೆಟ್ಟಲಾ ಒಂದ ಕಡೆ ನಿಲ್ಲವಲ್ವು.”

ಕನ್ನಡಕ ಬೇಡವೆಂದು ಅವಳು ಬಹಳ ಕಾಲ ತಳ್ಳಿದ್ದಳು. ಸೂಜಿಗೆ ದಾರ ಪೋಣಿಸಲು ಬಾಗಿಲ ಮುಂದೆ ಹಾದುಹೋಗುವ ಯಾರನ್ನಾದರೂ ಕರೆಯುತ್ತಿದ್ದಳು. ಆದರೆ ಈಗ ಮಗಳು ಸೌಮ್ಯಾ ಬಾಣಂತನಕ್ಕೆ ಬಂದಿದ್ದಳು. ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು. ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿಯ ಮೇಲೆಯೇ ಮೊಮ್ಮಗು ಮಲಗಬೇಕೆಂಬುದು ರಾಚವ್ವನ ಹಟ. ಪಾರ್ಲೆಯಿಂದ ಅಳಿಯ ಅಮೋಲನ ಮನೆಯವರು, ಮರಾಠಿ ಮಂದಿ, ಬರುವವರಿದ್ದರು. ಕೌದಿ ಅರ್ಧಕ್ಕೇ ನಿಂತಿತ್ತು.

ಕಿಟಕಿಯ ಬಳಿ ಕೂತು ದಾರದ ತುದಿ ಒದ್ದೆ ಮಾಡಿ ಸೂಜಿಗೆ ಹಿಡಿದಳು. ಹೋಯಿತು. ನಂಬಿಕೆ ಬರದೆ ಹೊರಗೆಳೆದು ಮತ್ತೆ ಪೋಣಿಸಿದಳು. ಮತ್ತೆ ಹೋಯಿತು.

“ಸೌಮ್ಯಾ, ನೋಡಿಲ್ಲೆ!”

“ಅವ್ವಾ, ಬಸ್ ನಾ, ಸಾಕು! ಇನ್ನ ಹೊಲಿ.”

ಕೌದಿಯನ್ನು ತೊಡೆಯ ಮೇಲೆ ಹರಡಿದಾಗ ಅವಳ ಮುಖ ಸಣ್ಣದಾಯಿತು. ಅಕ್ಕಿಕಾಳಿನಷ್ಟಿರಬೇಕಾದ ಹೊಲಿಗೆಗಳು ಹುಣಸೆಬೀಜದಷ್ಟಿದ್ದವು. ಇಷ್ಟು ದಿನ ಅದು ಕಂಡೇ ಇರಲಿಲ್ಲ.

“ಇದನ್ನ ಆ ಬೀಗತಿಗೆ ಹ್ಯಾಂಗ ತೋರಸ್ಲಿ? ಎಲ್ಲಾ ಬಿಚ್ಚತೀನಿ,” ಎಂದು ಬ್ಲೇಡು ತೆಗೆದಳು.

“ಪಾಗಲ್ ಆಗಿಯೇನು? ಸಂಡೇಕ್ಕ ಹ್ಯಾಂಗ ಮುಗಿತದ?” ಸೌಮ್ಯಾ ಗಾಬರಿಯಾದಳು.

“ಮೊದಲ ಒಂದ ಸಾಲು ಹೊಲದ ತೋರಸ್ತೀನಿ. ಆಮ್ಯಾಲ ಮಾತಾಡು.”

ಹೊಲಿದಳು. ಗಾಜಿನ ಅಂಚಿನಿಂದ ನೋಡಿದರೆ ಸಾಲು ಬಾಗಿದಂತೆ ಕಾಣುತ್ತಿತ್ತು. ಅದನ್ನು ತಿದ್ದುತ್ತ ತಿದ್ದುತ್ತ ಸೂಜಿ ಎಳೆದಳು. ಮುಗಿಸಿ ಗೋಡೆಗೆ ಹಿಡಿದು ನೋಡಿದರೆ, ಹಳೆಯ ದಪ್ಪ ಸಾಲುಗಳೆಲ್ಲ ನೆಟ್ಟಗಿದ್ದವು. ಹೊಸದು ಮಾತ್ರ ಅತ್ತ ಹೋಗಿ ಇತ್ತ ಬಂದಿತ್ತು.

ಸಂಗಪ್ಪ ಕೈಕಟ್ಟಿ ನೋಡಿದ. “ಡಾಕ್ಟರ ಕಣ್ಣಿಗಿ ಕನ್ನಡಕ ಕೊಟ್ಟಾನ. ಕೈಗೂ ಒಂದು ಕೇಳಬೇಕಿತ್ತು.”

ರಾಚವ್ವ ಗಂಡನನ್ನು ದುರುಗುಟ್ಟಿ ನೋಡಿದಳು. ಆದರೆ ನಗು ಮೊದಲೇ ಹೊರಟಿತ್ತು. ಕೂಸು ಬೆಚ್ಚಿ ಕಣ್ಣು ತೆರೆಯುವಷ್ಟು ನಕ್ಕಳು. ಬ್ಲೇಡು ಡಬ್ಬಿಗೆ ಹೋಯಿತು. ಬಿಚ್ಚುತ್ತ ಕೂರಲು ಹೊತ್ತೂ ಇರಲಿಲ್ಲ. ಮರುದಿನದಿಂದ ಕಣ್ಣು ಹೊರಳಿಸದೆ, ಸೂಜಿ ಹೋದತ್ತ ಮುಖವನ್ನೇ ತಿರುಗಿಸುವುದನ್ನು ಕಲಿತಳು. ಸಾಲು ನೆಟ್ಟಗಾಯಿತು. ಶನಿವಾರ ಕೊನೆಯ ಮೂಲೆ ಮುಚ್ಚುವ ಮುನ್ನ, ಕೌದಿ ಹಸಿದಿರಬಾರದೆಂಬ ಊರ ಕಡೆಯ ನಂಬಿಕೆಯಂತೆ, ಹೋಳಿಗೆಯ ಚೂರೊಂದನ್ನು ಒಳಗಿಟ್ಟು ಹೊಲಿದಳು.

ಭಾನುವಾರ ಅಮೋಲನ ತಾಯಿ ಬಂದವರೇ ತೊಟ್ಟಿಲಿನಲ್ಲಿ ಹಾಸಿದ್ದ ಕೌದಿಯ ಮೇಲೆ ಕೈಯಾಡಿಸಿದರು. ಅವರ ಬೆರಳು ಸೀದಾ ಆ ಡೊಂಕು ಸಾಲಿನ ಮೇಲೆ ನಿಂತಿತು.

“ಹೀ ನದೀ ಆಹೇ ಕಾ?” ಇದು ನದಿಯೇ ಎಂದು ಅವರು ನಿಜವಾಗಿಯೇ ಕೇಳುತ್ತಿದ್ದರು.

ರಾಚವ್ವ ಕನ್ನಡಕ ಮೇಲೇರಿಸಿಕೊಂಡಳು. “ಹೂಂ. ಕೃಷ್ಣಾ.”

ಅವರ ಮುಖ ಅರಳಿತು. ಅವರ ತವರು ಸಾಂಗ್ಲಿ, ಕೃಷ್ಣೆಯ ದಂಡೆ. ಸಾಲಿನ ಮೇಲ್ತುದಿಗೆ ಬೆರಳಿಟ್ಟು, “ಆಮ್ಹೀ ಇಥೇ,” ಎಂದರು.

“ನಾವ ಇಲ್ಲಿ,” ಎಂದು ರಾಚವ್ವ ಕೆಳಗೆ, ತನ್ನ ಊರು ವಿಜಯಪುರದ ಕಡೆ, ತನ್ನ ಬೆರಳಿಟ್ಟಳು. “ನಿಮ್ಮ ನೀರ ನಮಗ ಬರತದ.”

ಸೌಮ್ಯಾ ಕೂಸನ್ನು ತಂದು ಎರಡೂ ಊರುಗಳ ನಡುವೆ ಮಲಗಿಸಿದಳು. ಹೆಂಗಸರು ಜೋಗುಳ ಎತ್ತುವ ಮೊದಲೇ ಕೌದಿ ಒದ್ದೆಯಾಯಿತು.

“ಹೊಳಿ ಬಂತ್ರೀ!” ಎಂದು ಸಂಗಪ್ಪ ಕೂಗಿದ.

ಬೀಗತಿಯರಿಬ್ಬರೂ ನಗುತ್ತ ಒಟ್ಟಿಗೇ ಕೈಚಾಚಿ ಕೂಸನ್ನು ದಡಕ್ಕೆ ಎತ್ತಿಕೊಂಡರು.